ರೈಫಲ್ ಪದೇ ಪದೇ ಸಿಕ್ಕಿಕೊಳ್ಳುತ್ತಿದೆಯೇ? ಮೊದಲು ತೋಟೆ ಎಲ್ಲಿ ನಿಂತಿದೆ ನೋಡಿ

ಎರಡು ಗುಂಡು ಹಾರಿತು. ಮೂರನೆಯದಕ್ಕೆ ಟ್ರಿಗರ್ ಒತ್ತಿದರೆ ಸದ್ದಿಲ್ಲ. ಆಗ ಹೆಚ್ಚಿನವರ ಕೈ ತಾನಾಗಿಯೇ ಬೋಲ್ಟಿನ (ತೋಟೆಯನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಲೋಹದ ತುಂಡು) ಹಿಡಿಗೆ ಹೋಗುತ್ತದೆ. ರಪ್ಪನೆ ಎಳೆಯುತ್ತಾರೆ, ಸಿಕ್ಕಿಕೊಂಡದ್ದು ನೆಲಕ್ಕೆ ಬೀಳುತ್ತದೆ, ಮತ್ತೆ ಹೊಡೆಯಲು ಶುರು. ಐದು ನಿಮಿಷ ಬಿಟ್ಟು ಅದೇ ಕತೆ. ಸಂಜೆ ಹೊತ್ತಿಗೆ 'ಈ ರೈಫಲೇ ಸರಿಯಿಲ್ಲ' ಎಂಬ ತೀರ್ಮಾನ. ಏನು ಸರಿಯಿಲ್ಲ ಎಂದು ಕೇಳಿದರೆ ಉತ್ತರವಿಲ್ಲ, ಏಕೆಂದರೆ ಉತ್ತರ ಆ ಸಿಕ್ಕಿಕೊಂಡ ತೋಟೆಯಲ್ಲಿತ್ತು; ಅದನ್ನು ನೋಡದೆಯೇ ಎಳೆದು ಎಸೆದಾಗಿದೆ.

ಈ ಬರಹ ಮುಖ್ಯವಾಗಿ ಅರೆ ಸ್ವಯಂಚಾಲಿತ ರೈಫಲ್‌ಗಳ ಬಗ್ಗೆ. ಪ್ರತಿ ಗುಂಡಿಗೂ ಟ್ರಿಗರ್ ಒತ್ತಬೇಕು, ಆದರೆ ಗುಂಡು ಹಾರಿದ ಮೇಲೆ ಉಳಿಯುವ ತೋಟೆಯ ಖಾಲಿ ಕೋಶವನ್ನು, ಅಂದರೆ ಕೇಸನ್ನು, ಹೊರಹಾಕಿ ಮುಂದಿನ ತೋಟೆ ತುಂಬುವ ಕೆಲಸ ಯಂತ್ರದ್ದು. ಆ ಕೆಲಸ ಒಮ್ಮೆ ಆಗಿ, ಒಮ್ಮೆ ಕೈಕೊಟ್ಟರೆ ಕಾರಣ ಹುಡುಕುವುದು ಹೇಗೆ ಎಂಬುದೇ ವಿಷಯ. ಕೈಯಿಂದ ಬೋಲ್ಟ್ ಎಳೆಯುವ ರೈಫಲ್ ಇರುವವರಿಗೂ ಒಂದೆರಡು ಮಾತು ಇದೆ.

ಕೈ ಹಾಕುವ ಮೊದಲು

ನಳಿಗೆಯ ಬಾಯಿ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರಿನಿಂದ ಹೊರಗೆ, ಕಣ್ಣಿಗೆ ಕನ್ನಡಕ. ಇದು ಎಲ್ಲರಿಗೂ ಗೊತ್ತು. ಆದರೆ ಜಾಮ್ ಆದ ರೈಫಲಿನಲ್ಲಿ ಇನ್ನೂ ಮೂರು ಅಪಾಯಗಳಿವೆ.

ಮೊದಲನೆಯದು, ಪಿನ್ನು ಬಡಿದರೂ ಸಿಡಿಯದ ತೋಟೆ. ಕೆಲವೊಮ್ಮೆ ಒಳಗಿನ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಬೋಲ್ಟ್ ತೆರೆಯುವ ಮೊದಲು ಕನಿಷ್ಠ 30 ಸೆಕೆಂಡ್ ಹಾಗೆಯೇ ಗುರಿಯತ್ತ ಹಿಡಿದಿರಿ.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ಸದ್ದು 'ಢಂ' ಎನ್ನುವ ಬದಲು 'ಟಪ್' ಎಂದಿತು, ಭುಜಕ್ಕೆ ಒದೆತ ಬರಲಿಲ್ಲ, ಬೋಲ್ಟ್ ಸರಿಯಾಗಿ ಹಿಂದೆ ಹೋಗಲಿಲ್ಲ. ನೋಡಲು ಇದೂ ಸಾಮಾನ್ಯ ಜಾಮ್‌ನಂತೆಯೇ ಕಾಣುತ್ತದೆ. ಆದರೆ ಪ್ರೈಮರ್ (ಪಿನ್ನಿನ ಪೆಟ್ಟಿಗೆ ಸಿಡಿದು ಮದ್ದಿಗೆ ಕಿಡಿ ಕೊಡುವ ಭಾಗ) ಮಾತ್ರ ಸಿಡಿದು, ಮದ್ದಿಲ್ಲದೆಯೋ ಕಡಿಮೆಯಾಗಿಯೋ ಗುಂಡು ನಳಿಗೆಯ ನಡುವೆ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದರೆ ನಳಿಗೆ ಸೀಳಬಹುದು. ಆದ್ದರಿಂದ ಸದ್ದು ಬೇರೆಯಾಗಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಮ್ಯಾಗಜೀನ್ ತೆಗೆದು, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡು) ಖಾಲಿ ಮಾಡಿ, ನಳಿಗೆಯಲ್ಲಿ ಕಡ್ಡಿ ಆಚೆಯಿಂದ ಈಚೆಗೆ ಪೂರ್ತಿ ಹಾಯುತ್ತದೆಯೇ ನೋಡಿ.

ಮೂರನೆಯದು, ಸಿಡಿಯದ ತೋಟೆ ಚೇಂಬರಿನಲ್ಲಿ ಕಚ್ಚಿಕೊಂಡು ಬೋಲ್ಟ್ ತೆರೆಯದೇ ಇರುವುದು. ಮುಂದಿನಿಂದ ಕಡ್ಡಿ ಹಾಕಿ ಬಡಿಯುವ ಆಸೆಯಾಗುತ್ತದೆ. ಬೇಡ. ಅದನ್ನು ಬಂದೂಕು ರಿಪೇರಿ ಬಲ್ಲವರೇ ತೆಗೆಯಲಿ.

ಸಿಕ್ಕಿಕೊಂಡ ಚಿತ್ರವನ್ನು ಓದುವುದು

ಒಂದು ಗುಂಡು ಹಾರಿ ಮುಂದಿನದು ಸಿದ್ಧವಾಗುವಷ್ಟರಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಒಮ್ಮೆ ಮನಸ್ಸಿನಲ್ಲಿ ಓಡಿಸಿಕೊಳ್ಳಿ. ಮ್ಯಾಗಜೀನಿನ ಸ್ಪ್ರಿಂಗ್ ತೋಟೆಯನ್ನು ಮೇಲೆತ್ತಬೇಕು. ಬೋಲ್ಟ್ ಅದನ್ನು ಚೇಂಬರಿಗೆ ತಳ್ಳಿ ಬಾಗಿಲು ಮುಚ್ಚಿದಂತೆ ಬೀಗ ಹಾಕಬೇಕು. ಪಿನ್ನು ಬಡಿಯಬೇಕು. ಆಮೇಲೆ ಬೀಗ ತೆರೆದು, ಎಕ್ಸ್‌ಟ್ರ್ಯಾಕ್ಟರ್ ಎಂಬ ಪುಟ್ಟ ಕೊಕ್ಕೆ ಖಾಲಿ ಕೇಸಿನ ಅಂಚನ್ನು ಹಿಡಿದು ಹೊರಗೆಳೆಯಬೇಕು, ಇಜೆಕ್ಟರ್ ಅದನ್ನು ಪಕ್ಕಕ್ಕೆ ಚಿಮ್ಮಿಸಬೇಕು, ಹೋಗುವ ದಾರಿಯಲ್ಲೇ ಬೋಲ್ಟ್ ಹ್ಯಾಮರನ್ನು (ಪಿನ್ನಿಗೆ ಬಡಿಯುವ ಸುತ್ತಿಗೆಯನ್ನು) ಹಿಂದಕ್ಕೆ ಬಗ್ಗಿಸಬೇಕು. ಜಾಮ್ ಎಂದರೆ ಈ ಸರಪಳಿಯ ಯಾವುದೋ ಒಂದು ಕೊಂಡಿ ತಪ್ಪಿದೆ ಎಂದರ್ಥ. ರೈಫಲ್ ನಿಂತ ಕ್ಷಣದಲ್ಲಿ, ಏನನ್ನೂ ಎಳೆಯದೆ, ಬದಿಯ ಕಿಂಡಿಯಿಂದ ಒಳಗೆ ನೋಡಿದರೆ ಯಾವ ಕೊಂಡಿ ಎಂಬುದು ಕಾಣುತ್ತದೆ. ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ನೆನಪು ಮೋಸ ಮಾಡುತ್ತದೆ.

ಹೊಸ ತೋಟೆಯ ಮೂತಿ ಕೆಳಗೆ ಬಾಗಿ ಮ್ಯಾಗಜೀನಿನ ಮುಂಗೋಡೆಗೋ, ಚೇಂಬರಿನ ಮುಂದಿನ ಇಳಿಜಾರಿಗೋ ತಗುಲಿ ನಿಂತಿದೆಯೇ? ಮ್ಯಾಗಜೀನಿನ ಮೇಲೆ ಮೊದಲ ಅನುಮಾನ. ಬೋಲ್ಟ್ ಮುಚ್ಚಿದೆ, ಆದರೆ ಚೇಂಬರ್ ಖಾಲಿ, ತೋಟೆ ಕೆಳಗೇ ಉಳಿದಿದೆಯೇ? ಇದು ಸ್ವಲ್ಪ ತಲೆ ಕೆರೆದುಕೊಳ್ಳಬೇಕಾದ ಚಿತ್ರ, ಏಕೆಂದರೆ ಇದಕ್ಕೆ ಒಂದಕ್ಕೊಂದು ವಿರುದ್ಧವಾದ ಎರಡು ಕಾರಣಗಳಿವೆ. ಬೋಲ್ಟ್ ಶಕ್ತಿ ಸಾಲದೆ ತೋಟೆಯ ಹಿಂಬದಿ ದಾಟುವಷ್ಟು ಹಿಂದೆ ಹೋಗದೇ ಇದ್ದಿರಬಹುದು. ಇಲ್ಲವೇ ಶಕ್ತಿ ಅತಿಯಾಗಿ, ಮ್ಯಾಗಜೀನಿನ ಸ್ಪ್ರಿಂಗ್ ತೋಟೆಯನ್ನು ಮೇಲೆತ್ತುವುದಕ್ಕೂ ಮೊದಲೇ ವಾಪಸ್ ಬಂದಿರಬಹುದು. ಚಿತ್ರ ಒಂದೇ, ಪರಿಹಾರ ಬೇರೆ. ಯಾವುದು ಎಂದು ತಿಳಿಯಲು ಖಾಲಿ ಕೇಸುಗಳು ಎಲ್ಲಿ ಬಿದ್ದಿವೆ ಎಂದು ನೋಡಬೇಕು. ಆ ಮಾತಿಗೆ ಮುಂದೆ ಬರುತ್ತೇನೆ.

ಬೋಲ್ಟ್ ಇನ್ನೇನು ಮುಚ್ಚಬೇಕು, ಎರಡು ಮೂರು ಮಿಲಿಮೀಟರ್ ಉಳಿದಿದೆ ಎಂದರೆ ಚೇಂಬರಿನಲ್ಲಿ ಮಸಿ ಕಟ್ಟಿದೆ, ಅಥವಾ ಬೋಲ್ಟನ್ನು ಮುಂದೆ ತಳ್ಳುವ ರಿಟರ್ನ್ ಸ್ಪ್ರಿಂಗ್ ಸೋತಿದೆ, ಅಥವಾ ತೋಟೆಯ ಅಳತೆಯೇ ದಪ್ಪ. ಅಂಗೈಯಿಂದ ಬಡಿದು ಮುಚ್ಚಿಸುವ ಅಭ್ಯಾಸ ಬಿಡಿ. ಒಳಗೆ ಹೋಗಲು ಒಲ್ಲೆ ಎಂದ ತೋಟೆಯನ್ನು ಬಲವಂತವಾಗಿ ತುರುಕಿದರೆ ಹೊರಬರಲೂ ಒಲ್ಲೆ ಎನ್ನುತ್ತದೆ.

ಖಾಲಿ ಕೇಸು ಚೇಂಬರಿನಲ್ಲೇ ಉಳಿದು, ಅದರ ಬೆನ್ನಿಗೆ ಹೊಸ ತೋಟೆ ಬಂದು ಗುದ್ದಿದೆಯೇ? ಮ್ಯಾಗಜೀನ್ ತೆಗೆದು, ಹೊಸ ತೋಟೆಯನ್ನು ಹೊರಹಾಕಿದ ಮೇಲೆ ಆ ಖಾಲಿ ಕೇಸನ್ನು ಜೋಪಾನವಾಗಿ ತೆಗೆಯಿರಿ. ಅದರ ಅಂಚೇ ಎಲ್ಲವನ್ನೂ ಹೇಳುತ್ತದೆ. ಅಂಚು ಹರಿದಿದ್ದರೆ ಅಥವಾ ಬಾಗಿದ್ದರೆ ಕೊಕ್ಕೆ ತನ್ನ ಕೆಲಸ ಮಾಡಿದೆ, ಕೇಸು ಗೋಡೆ ಬಿಡಲಿಲ್ಲ: ಚೇಂಬರ್ ಕೊಳಕು, ತುಕ್ಕು, ಇಲ್ಲವೇ ಒತ್ತಡ ಇಳಿಯುವ ಮುನ್ನವೇ ಬೋಲ್ಟ್ ಅವಸರದಲ್ಲಿ ತೆರೆದಿದೆ. ಅಂಚಿನ ಮೇಲೆ ಗುರುತೇ ಇಲ್ಲ, ಅಥವಾ ತುಸು ಗೀಚು ಮಾತ್ರ ಇದೆ ಎಂದರೆ ಕೊಕ್ಕೆ ಜಾರಿದೆ: ಎಕ್ಸ್‌ಟ್ರ್ಯಾಕ್ಟರ್ ಸವೆದಿದೆ, ಸ್ಪ್ರಿಂಗ್ ಸಡಿಲ, ಅಥವಾ ಕೊಕ್ಕೆಯಡಿ ಕಸ ಸೇರಿದೆ.

ಖಾಲಿ ಕೇಸು ಒಲೆಯ ಹೊಗೆ ಕೊಳವೆಯಂತೆ ಕಿಂಡಿಯಲ್ಲಿ ನೆಟ್ಟಗೆ ನಿಂತಿದ್ದರೆ ಅದು ಹೊರಬಂದಿದೆ, ದೂರ ಹೋಗಿಲ್ಲ. ಬೋಲ್ಟಿಗೆ ವೇಗ ಸಾಲದು, ಅಥವಾ ಇಜೆಕ್ಟರ್ ಮಂದ.

ಇನ್ನು 'ಕ್ಲಿಕ್' ಎಂದು ಸುಮ್ಮನಾಗುವುದು. ಕಾದು, ತೋಟೆ ಹೊರತೆಗೆದು ಪಿನ್ನಿನ ಗುರುತು ನೋಡಿ. ಗುರುತು ಆಳವಾಗಿದ್ದರೆ ತೋಟೆಯದೇ ತಪ್ಪು ಎನ್ನಬಹುದು. ಮೇಲುಮೇಲಿನ ಗುರುತಾಗಿದ್ದರೆ ಪಿನ್ನಿನ ಓಣಿಯಲ್ಲಿ ಜಿಡ್ಡು, ಸೋತ ಹ್ಯಾಮರ್ ಸ್ಪ್ರಿಂಗ್, ಅಥವಾ ಬೋಲ್ಟ್ ಪೂರ್ತಿ ಬೀಗವಾಗದೆ ಪೆಟ್ಟು ಅರ್ಧಕ್ಕೆ ಹೋಗಿದೆ. .22ರಂಥ ರಿಮ್‌ಫೈರ್ ತೋಟೆಗಳಲ್ಲಿ ಸಿಡಿಮದ್ದು ಅಂಚಿನ ಮಡಿಕೆಯೊಳಗೆ ಇರುತ್ತದೆ. ಅದು ಸುತ್ತಲೂ ಸಮನಾಗಿ ಹರಡದಿದ್ದರೆ ಪಿನ್ನು ಬಿದ್ದ ಜಾಗ ಖಾಲಿಯಾಗಿರಬಹುದು. ಡಬ್ಬಕ್ಕೆ ಒಂದೆರಡು ಹೀಗಾದರೆ ರೈಫಲನ್ನು ಬಿಚ್ಚಲು ಹೊರಡಬೇಡಿ.

ಮ್ಯಾಗಜೀನ್: ಸೋವಿ, ಆದ್ದರಿಂದ ಅಲಕ್ಷಿತ

ಮಾರ್ಕರ್ ಪೆನ್ ತೆಗೆದುಕೊಂಡು ಪ್ರತಿ ಮ್ಯಾಗಜೀನಿನ ಮೇಲೂ ನಂಬರ್ ಬರೆಯಿರಿ. ಇಡೀ ಬರಹದಲ್ಲಿ ಒಂದೇ ಕೆಲಸ ಮಾಡುವುದಿದ್ದರೆ ಇದನ್ನು ಮಾಡಿ.

ನಾನೂ ಒಂದು ಕಾಲದಲ್ಲಿ ಇದನ್ನು ಮಾಡದೆ ಪಾಡು ಪಟ್ಟವನು. ಒಂದು ರೈಫಲಿಗೆ ಎಕ್ಸ್‌ಟ್ರ್ಯಾಕ್ಟರ್ ಬದಲಿಸಿದೆ, ರಿಟರ್ನ್ ಸ್ಪ್ರಿಂಗ್ ಬದಲಿಸಿದೆ, ಚೇಂಬರನ್ನು ಕನ್ನಡಿಯಂತೆ ಉಜ್ಜಿದೆ. ಒಂದು ದಿನ ಚೆನ್ನಾಗಿ ಓಡಿತು, ಮರುವಾರ ಮತ್ತೆ ಕೆಟ್ಟಿತು. ನನ್ನ ಬಳಿ ಒಂದೇ ಥರದ ನಾಲ್ಕು ಮ್ಯಾಗಜೀನ್ ಇದ್ದವು, ಕೈಗೆ ಸಿಕ್ಕಿದ್ದನ್ನು ಹಾಕಿಕೊಳ್ಳುತ್ತಿದ್ದೆ. ನಂಬರ್ ಬರೆದ ದಿನ ಅರ್ಧ ಗಂಟೆಯೊಳಗೆ ಗೊತ್ತಾಯಿತು: ಎಲ್ಲ ತಕರಾರೂ ಮೂರನೆಯದರದು. ಎಂದೋ ಕೈಜಾರಿ ಬಿದ್ದು ಅದರ ಒಂದು ತುಟಿ ಕೂದಲೆಳೆಯಷ್ಟು ಹೊರಕ್ಕೆ ತೆರೆದುಕೊಂಡಿತ್ತು. ಬದಲಿಸಿದ ಬಿಡಿಭಾಗಗಳ ದುಡ್ಡಿಗೆ ಆರು ಮ್ಯಾಗಜೀನ್ ಬರುತ್ತಿದ್ದವು.

ಮ್ಯಾಗಜೀನಿನಲ್ಲಿ ನೋಡಬೇಕಾದದ್ದು ಇಷ್ಟು. ಮೇಲಿನ ಎರಡು ತುಟಿಗಳು ಸಮಾನಾಂತರವಾಗಿವೆಯೇ, ಬಿರುಕಿದೆಯೇ. ತೋಟೆಯನ್ನು ಹೊತ್ತು ಏರುವ ಒಳತಟ್ಟೆ ಬೆರಳಿನಿಂದ ಒತ್ತಿ ಬಿಟ್ಟರೆ ತಡವರಿಸದೆ ಮೇಲೆ ಬರುತ್ತದೆಯೇ, ನಡುವೆ ಓರೆಯಾಗಿ ನಿಲ್ಲುತ್ತದೆಯೇ. ಒಳಗೆ ಮರಳು, ಹಳೆಯ ಎಣ್ಣೆಯ ಅಂಟು ಇದೆಯೇ. ಮ್ಯಾಗಜೀನಿನ ಒಳಭಾಗ ಒಣಗಿರಬೇಕು. ಎಣ್ಣೆ ಹಾಕಿದರೆ ಧೂಳಿಗೆ ಆಹ್ವಾನ ಕೊಟ್ಟಂತೆ. ಸಿಕ್ಕಿಸಿದ ಮೇಲೆ ಒಮ್ಮೆ ಕೆಳಕ್ಕೆ ಜಗ್ಗಿ ನೋಡಿ. 30 ತೋಟೆಯ ಮ್ಯಾಗಜೀನನ್ನು ಪೂರ್ತಿ ತುಂಬಿ ಮುಚ್ಚಿದ ಬೋಲ್ಟಿನ ಕೆಳಗೆ ತಳ್ಳಿದರೆ ಅದು ಕೊಂಡಿಗೆ ಬೀಳದೆಯೇ ಬಿದ್ದಂತೆ ನಟಿಸುತ್ತದೆ. 28ಕ್ಕೆ ನಿಲ್ಲಿಸುವವರು ಇದೇ ಕಾರಣಕ್ಕೆ ನಿಲ್ಲಿಸುತ್ತಾರೆ.

ಅಂಚು ಹೊರಚಾಚಿದ ತೋಟೆಗಳಲ್ಲಿ ಇನ್ನೊಂದು ರಗಳೆ ಇದೆ. ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಎರಡೂ ಒಟ್ಟಿಗೆ ಬರಲು ನೋಡುತ್ತವೆ. ತುಂಬುವಾಗಲೇ ಪ್ರತಿ ತೋಟೆಯ ಅಂಚು ತನ್ನ ಕೆಳಗಿನದರ ಅಂಚಿಗಿಂತ ಮುಂದೆ ಕೂರುವಂತೆ ನೋಡಿಕೊಳ್ಳಬೇಕು.

ತೋಟೆ ಬದಲಿಸಿ ನೋಡಿ

ಎರಡನೆಯ ಸುಲಭ ಪರೀಕ್ಷೆ. ಸರಿಯಾಗಿದೆ ಎಂದು ಗೊತ್ತಾದ ಒಂದೇ ಮ್ಯಾಗಜೀನ್, ಎರಡು ಮೂರು ಬಗೆಯ ಕಾರ್ಖಾನೆ ತೋಟೆ. ರೈಫಲಿನ ನಳಿಗೆಯ ಮೇಲೆ ಬರೆದಿರುವ ಹೆಸರಿಗೂ ಡಬ್ಬದ ಮೇಲಿನ ಹೆಸರಿಗೂ ಅಕ್ಷರಶಃ ತಾಳೆಯಾಗಬೇಕು, ಅದರಲ್ಲಿ ರಾಜಿಯಿಲ್ಲ.

.22 ಅರೆ ಸ್ವಯಂಚಾಲಿತ ರೈಫಲುಗಳಲ್ಲಿ ಈ ಪರೀಕ್ಷೆಯೇ ಅನೇಕ ಸಲ ಕೊನೆಯದೂ ಆಗುತ್ತದೆ. ಇವುಗಳಲ್ಲಿ ಬೀಗವಿಲ್ಲ, ಬೋಲ್ಟಿನ ತೂಕ ಮತ್ತು ಸ್ಪ್ರಿಂಗ್ ಮಾತ್ರ ತಡೆ, ತೋಟೆಯ ಒದೆತವೇ ಎಂಜಿನ್. 40 ಗ್ರೇನ್ (ಸುಮಾರು 2.6 ಗ್ರಾಂ) ಗುಂಡಿನ ಸಾಮಾನ್ಯ ವೇಗದ ತೋಟೆ ಸೆಕೆಂಡಿಗೆ ಸುಮಾರು 325 ಮೀಟರ್ ಓಡಿದರೆ ಹೈ ವೆಲಾಸಿಟಿ ತೋಟೆ 375ರ ಆಸುಪಾಸು ಓಡುತ್ತದೆ. ಎರಡನೆಯದಕ್ಕೆಂದು ಹೊಂದಿಸಿದ ಸ್ಪ್ರಿಂಗನ್ನು ಮೊದಲನೆಯದು ಪೂರ್ತಿ ಹಿಂದಕ್ಕೆ ತಳ್ಳಲಾರದು. ಸದ್ದು ಕಡಿಮೆಯೆಂದು ನಿಧಾನದ ತೋಟೆ ಕೊಂಡು, ರೈಫಲನ್ನು ಬೈಯುವವರು ಬಹಳ.

ತೋಟೆಯನ್ನು ಸಣ್ಣ ವಿಷಯ ಎಂದುಕೊಳ್ಳುವವರಿಗೆ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಹಿಡಿದ ಎಂ16 ರೈಫಲನ್ನು ನೆನಪಿಸಬೇಕು. ಆ ರೈಫಲನ್ನು ಒಂದು ಬಗೆಯ ಕಡ್ಡಿಮದ್ದಿನ ಮೇಲೆ ಬೆಳೆಸಿದ್ದರು. 1964ರಲ್ಲಿ ಅಮೆರಿಕದ ಸೇನೆ ಅದರ ತೋಟೆಗೆ ಉಂಡೆಮದ್ದು ತಂದಿತು. ಬೋಲ್ಟಿನ ವೇಗ ಏರಿತು, ಮಸಿ ಹೆಚ್ಚಿತು. ಚೇಂಬರಿಗೆ ಕ್ರೋಮ್ ಲೇಪ ಇರಲಿಲ್ಲವಾಗಿ ತೇವದಲ್ಲಿ ತುಕ್ಕು ಹಿಡಿಯಿತು. ಸ್ವಚ್ಛಗೊಳಿಸುವ ಸಾಮಗ್ರಿಯೂ ಸಾಲದಾಗಿತ್ತು. ಖಾಲಿ ಕೇಸು ಚೇಂಬರಿನಲ್ಲೇ ಕಚ್ಚಿಕೊಂಡು, ಸೈನಿಕರು ಕಡ್ಡಿ ತುರುಕಿ ತೆಗೆಯುವ ಸ್ಥಿತಿ ಬಂತು. 1967ರಲ್ಲಿ ಅಲ್ಲಿನ ಸಂಸತ್ತಿನ ಉಪಸಮಿತಿ ಇದರ ವಿಚಾರಣೆ ನಡೆಸಿತು. ಕ್ರೋಮ್ ಚೇಂಬರ್, ಬೋಲ್ಟಿನ ಹಿಂದಿನ ಪೆಟ್ಟು ತಡೆಯುವ ಹೊಸ ಬಫರ್, ಶುಚಿಗೊಳಿಸುವ ತರಬೇತಿ ಬಂದ ಮೇಲೆ ಅದೇ ವಿನ್ಯಾಸ ದಶಕಗಟ್ಟಲೆ ನಡೆಯಿತು.

ಮನೆಯಲ್ಲಿ ಮರುತುಂಬಿದ ತೋಟೆ ಬಳಸುವವರು ದೋಷ ಹುಡುಕುವಷ್ಟು ದಿನ ಅದನ್ನು ಬದಿಗಿಡಿ.

ಕೊಳಕು ಮತ್ತು ಎಣ್ಣೆ

ಕೊನೆಯ ಸಲ ಚೇಂಬರ್ ಉಜ್ಜಿದ್ದು ಯಾವಾಗ? ನಳಿಗೆಯಲ್ಲಿ ಬಟ್ಟೆ ಎಳೆಯುವುದು ಬೇರೆ, ಚೇಂಬರ್ ಉಜ್ಜುವುದು ಬೇರೆ. ನಳಿಗೆಯ ಬ್ರಷ್ಷು ಚೇಂಬರಿನ ಗೋಡೆಗೆ ತಾಗುವುದೇ ಇಲ್ಲ, ಅದಕ್ಕೆ ದಪ್ಪನೆಯ ಬೇರೆ ಬ್ರಷ್ಷು ಬೇಕು. .22 ಗುಂಡಿನ ಮೇಲಿನ ಮೇಣವೂ ಸೀಸವೂ ಸೇರಿ ಚೇಂಬರಿನ ಬಾಯಲ್ಲಿ ಗಟ್ಟಿ ಉಂಗುರ ಕಟ್ಟುತ್ತದೆ. ಕೊಕ್ಕೆಯ ಅಡಿ, ಬೋಲ್ಟಿನ ಮುಖ, ಇಜೆಕ್ಟರಿನ ಗುಂಡಿ, ಪಿನ್ನಿನ ಓಣಿ: ಹಲ್ಲುಜ್ಜುವ ಹಳೆಯ ಬ್ರಷ್ಷು, ಮರದ ಕಡ್ಡಿ ಸಾಕು.

ಎಣ್ಣೆಯ ಸೂತ್ರ ಸರಳ. ಲೋಹ ಲೋಹಕ್ಕೆ ಉಜ್ಜಿ ಹೊಳೆಯುವ ಜಾಗದಲ್ಲಿ ಎಣ್ಣೆ ಇರಲಿ: ಬೋಲ್ಟ್ ಓಡುವ ಹಳಿ, ತಿರುಗುವ ಬೀಗದ ಹಲ್ಲು. ಚೇಂಬರ್ ಒಣಗಿರಲಿ, ಅಲ್ಲಿ ಎಣ್ಣೆಯಿದ್ದರೆ ಕೇಸು ಗೋಡೆಯನ್ನು ಹಿಡಿಯದೆ ಪೆಟ್ಟೆಲ್ಲ ಬೋಲ್ಟಿನ ಮೇಲೆ ಬೀಳುತ್ತದೆ. ಪಿನ್ನಿನ ಓಣಿಯೂ ಒಣಗಿರಲಿ, ಚಳಿಯಲ್ಲಿ ಅಲ್ಲಿನ ಎಣ್ಣೆ ಗಟ್ಟಿಯಾಗಿ ಪಿನ್ನಿನ ವೇಗ ಕುಂದಿಸುತ್ತದೆ. ಇಡೀ ರೈಫಲನ್ನು ಎಣ್ಣೆಯಲ್ಲಿ ಅದ್ದುವುದೂ ತಪ್ಪು, 'ಎಣ್ಣೆಗೆ ಧೂಳು ಹಿಡಿಯುತ್ತದೆ' ಎಂದು ಬೋಲ್ಟನ್ನು ಒಣಗಿಸಿ ಓಡಿಸುವುದೂ ತಪ್ಪು.

ಒಂದೇ ತೋಟೆಯ ಪರೀಕ್ಷೆ

ಇಷ್ಟಾದರೂ ಸರಿಹೋಗದಿದ್ದರೆ ಬೋಲ್ಟಿಗೆ ಶಕ್ತಿ ಸಾಲುತ್ತಿದೆಯೇ ಅಳೆಯಬೇಕು. ಕೊನೆಯ ಗುಂಡಿನ ನಂತರ ಬೋಲ್ಟ್ ಹಿಂದೆ ನಿಲ್ಲುವ ರೈಫಲಾದರೆ ಮ್ಯಾಗಜೀನಿನಲ್ಲಿ ಒಂದೇ ಒಂದು ತೋಟೆ ಹಾಕಿ ಹಾರಿಸಿ. ಬೋಲ್ಟ್ ಹಿಂದೆ ನಿಂತಿತೇ? ಹತ್ತು ಸಲ ಮಾಡಿ. ಹತ್ತಕ್ಕೆ ಹತ್ತೂ ನಿಂತರೆ ಶಕ್ತಿ ಸಾಕು. ಆಗಾಗ ನಿಲ್ಲದಿದ್ದರೆ ಬೋಲ್ಟ್ ಪೂರ್ತಿ ಹಿಂದೆ ಹೋಗುತ್ತಿಲ್ಲ ಎಂದೇ ಮೊದಲ ಊಹೆ. ರೂಗರ್ 10/22ರಂಥ ರೈಫಲಿನ ಸಾಮಾನ್ಯ ಮಾದರಿ ಕೊನೆಯ ಗುಂಡಿಗೆ ಬೋಲ್ಟ್ ನಿಲ್ಲಿಸುವುದೇ ಇಲ್ಲ, ಅಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ. ಎರಡು ತೋಟೆ ಹಾಕಿ ಎರಡನೆಯದು ಚೇಂಬರಿಗೆ ಬಂತೇ ಎಂದು ನೋಡಿ.

ಇದರ ಜೊತೆಗೆ ಕೇಸು ಬೀಳುವ ದಿಕ್ಕು. ನಳಿಗೆಯ ಬಾಯಿಯನ್ನು ಗಡಿಯಾರದ 12 ಎಂದುಕೊಳ್ಳಿ. ಎಆರ್-15 ಮಾದರಿಯಲ್ಲಿ (ಎಂ16ರ ಅರೆ ಸ್ವಯಂಚಾಲಿತ ರೂಪ) ಕೇಸುಗಳು 3ರಿಂದ 4:30ರ ನಡುವೆ ಗುಡ್ಡೆಯಾಗಿ ಬಿದ್ದರೆ ಆರೋಗ್ಯ ಚೆನ್ನಾಗಿದೆ ಎಂದರ್ಥ. 1 ಅಥವಾ 2ರ ಕಡೆ ದೂರ ಚಿಮ್ಮಿದರೆ ಬೋಲ್ಟ್ ಅತಿ ವೇಗದಲ್ಲಿದೆ. 5ರ ಆಚೆ, ಕಾಲಬುಡದಲ್ಲಿ ಸೋತು ಬಿದ್ದರೆ ಶಕ್ತಿ ಸಾಲದು. ಬೇರೆ ವಿನ್ಯಾಸಗಳಿಗೆ ಈ ಗಂಟೆಗಳು ಹೊಂದುವುದಿಲ್ಲ, ಆದರೆ ನಿನ್ನೆಯವರೆಗೆ ಮೂರು ಮೀಟರ್ ಹಾರುತ್ತಿದ್ದ ಕೇಸು ಇಂದು ಒಂದು ಮೀಟರಿಗೆ ಬಿದ್ದರೆ ಏನೋ ಬದಲಾಗಿದೆ ಎಂಬುದಂತೂ ಎಲ್ಲದಕ್ಕೂ ನಿಜ. ಮೊದಲು ಹೇಳಿದ ಆ ಖಾಲಿ ಚೇಂಬರಿನ ಒಗಟು ಬಿಡಿಸುವುದೂ ಇಲ್ಲೇ.

ಗ್ಯಾಸು ಎಲ್ಲಿ ಸೋರುತ್ತಿದೆ

ಗ್ಯಾಸಿನಿಂದ ನಡೆಯುವ ರೈಫಲಿನಲ್ಲಿ ನಳಿಗೆಯ ಪುಟ್ಟ ತೂತಿನಿಂದ ಬಂದ ಒತ್ತಡ ಬೋಲ್ಟನ್ನು ಹಿಂದೆ ತಳ್ಳುತ್ತದೆ. ಶಕ್ತಿ ಸಾಲದು ಎಂದು ಖಾತ್ರಿಯಾದರೆ ಆ ದಾರಿಯನ್ನು ಮುಂದಿನಿಂದ ಹಿಂದಕ್ಕೆ ತಪಾಸಣೆ ಮಾಡಿ. ನಳಿಗೆಯ ಮೇಲಿನ ಗ್ಯಾಸ್ ಬ್ಲಾಕ್ ಅಲುಗಾಡುತ್ತದೆಯೇ, ತೂತಿನಿಂದ ಸರಿದಿದೆಯೇ. ಅದರ ಸುತ್ತ ತಾಜಾ ಮಸಿಯ ಗೆರೆ ಕಂಡರೆ ಅಲ್ಲಿಯೇ ಸೋರಿಕೆ. ಎಆರ್-15ರಲ್ಲಿ ಬೋಲ್ಟನ್ನು ಹೊತ್ತು ಓಡುವ ಕ್ಯಾರಿಯರಿನ ಮೇಲಿನ, ಗ್ಯಾಸನ್ನು ಒಳಗೆ ಬಿಡುವ ಗ್ಯಾಸ್ ಕೀ ಎರಡು ಸ್ಕ್ರೂಗಳ ಮೇಲೆ ನಿಂತಿದೆ, ಕೈಯಲ್ಲಿ ಹಿಡಿದು ತಿರುಚಿ ನೋಡಿ, ಕಿಂಚಿತ್ತೂ ಕದಲಬಾರದು.

ಆಮೇಲೆ ಬೋಲ್ಟಿನ ಮೂರು ಉಂಗುರಗಳು. ಬೋಲ್ಟನ್ನು ಕ್ಯಾರಿಯರಿನಿಂದ ಮುಂದಕ್ಕೆಳೆದು, ಅದರ ಮುಖ ಮೇಜಿಗೆ ತಾಗುವಂತೆ ಇಡೀ ಕ್ಯಾರಿಯರನ್ನು ನೆಟ್ಟಗೆ ನಿಲ್ಲಿಸಿ. ತನ್ನ ಭಾರಕ್ಕೆ ತಾನೇ ಜಾರಿ ಕುಸಿದರೆ ಉಂಗುರ ಸವೆದಿವೆ. ಮೂರರ ಸೀಳೂ ಒಂದೇ ಸಾಲಿಗೆ ಬಂದರೆ ರೈಫಲ್ ಓಡುವುದಿಲ್ಲ ಎಂಬ ಮಾತೊಂದು ಚಾಲ್ತಿಯಲ್ಲಿದೆ; ಹೊಡೆಯುತ್ತಿದ್ದಂತೆ ಅವು ತಾವೇ ಅತ್ತಿತ್ತ ತಿರುಗುತ್ತವೆ, ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಸ್ಪ್ರಿಂಗಿನ ಉದ್ದವನ್ನೂ ಅಳೆಯಿರಿ. ಎಆರ್-15ರ ಕಾರ್ಬೈನ್ (ಗಿಡ್ಡ) ಮಾದರಿಯ ಬಫರ್ ಸ್ಪ್ರಿಂಗ್ ಬಿಡಿಯಾಗಿ ಸುಮಾರು 10 ಅಂಗುಲಕ್ಕಿಂತ ಕುಗ್ಗಿದ್ದರೆ ಬದಲಿಸುವ ಕಾಲ ಬಂದಿದೆ. ಉದ್ದ ಹಿಂಬದಿಯ ರೈಫಲ್ ಸ್ಪ್ರಿಂಗಿಗೆ ಈ ಗೆರೆ 11.75 ಅಂಗುಲ. ಭಾರದ ಬಫರ್ ಹಾಕಿಸಿಕೊಂಡ ನಂತರವೇ ತಕರಾರು ಶುರುವಾಯಿತೇ? ಹಳೆಯದನ್ನು ಮತ್ತೆ ಹಾಕಿ ನೋಡಿ.

ಎಫ್‌ಎನ್ ಎಫ್‌ಎಎಲ್‌ನಂತೆ ರೈಫಲಿನಲ್ಲಿ ಗ್ಯಾಸ್ ಹೊಂದಿಸುವ ಸೌಲಭ್ಯವಿದ್ದರೆ ಕೆಲಸ ಸುಲಭ. ಗ್ಯಾಸು ಹೊರಬಿಡುವ ಕಿಂಡಿಯನ್ನು ಪೂರ್ತಿ ತೆರೆದು, ಒಂದೊಂದೇ ತೋಟೆಯ ಪರೀಕ್ಷೆ ಮಾಡುತ್ತಾ ಬೋಲ್ಟ್ ತಪ್ಪದೆ ಹಿಂದೆ ನಿಲ್ಲುವವರೆಗೆ ಕ್ಲಿಕ್ ಕ್ಲಿಕ್ಕಾಗಿ ಮುಚ್ಚುತ್ತಾ ಬನ್ನಿ. ಅಲ್ಲಿಂದ ಇನ್ನೆರಡು ಕ್ಲಿಕ್ ಮುಚ್ಚಿ ಬಿಡಿ. ಆ ಎರಡು ಕೊಳಕು ಕಟ್ಟಿದ ದಿನಕ್ಕೆ.

ಕೈ ಹಾಕಬಾರದ ಜಾಗ

ಗ್ಯಾಸಿನ ತೂತು ಕೊರೆದು ದೊಡ್ಡದು ಮಾಡುವುದು, ಸ್ಪ್ರಿಂಗಿನ ಸುರುಳಿ ಕತ್ತರಿಸುವುದು, ಚೇಂಬರಿನ ಇಳಿಜಾರಿಗೆ ಮೋಟಾರ್ ಹಾಕಿ ಪಾಲಿಶ್ ಮಾಡುವುದು, ಟ್ರಿಗರಿನ ಒಳಭಾಗಕ್ಕೆ ಅರ ಹಿಡಿಯುವುದು: ಇವೆಲ್ಲ ಹಿಂದಿರುಗಿ ಬರಲಾಗದ ಕೆಲಸಗಳು. ಕೇಸಿನ ಕುತ್ತಿಗೆಯ ಹತ್ತಿರವೋ ಬುಡದಲ್ಲೋ ಸುತ್ತ ಬಿರುಕು ಬರುತ್ತಿದ್ದರೆ, ಪ್ರೈಮರ್ ಉದುರಿ ಬೀಳುತ್ತಿದ್ದರೆ, ಒಂದು ಒತ್ತಿಗೆ ಎರಡು ಗುಂಡು ಹಾರಿದರೆ ಅಲ್ಲಿಗೆ ನಿಲ್ಲಿಸಿ ಪರಿಣತರಿಗೆ ಕೊಡಿ. ಚೇಂಬರಿನ ಆಳ ಅಳೆಯಲು ಗೇಜುಗಳೇ ಬೇಕು.

ಬೋಲ್ಟ್ ಕೈಯಿಂದ ಎಳೆಯುವ ರೈಫಲಿನಲ್ಲಿ 'ಯಂತ್ರ' ನೀವೇ. ಅಲ್ಲಿ ತೋಟೆ ಬರಲಿಲ್ಲ ಎಂದರೆ ಹೆಚ್ಚಿನ ಸಲ ಬೋಲ್ಟನ್ನು ಕೊನೆಯವರೆಗೆ ಎಳೆದಿಲ್ಲ. ಅಂಜುತ್ತಾ ಮೆಲ್ಲಗೆ ಎಳೆಯುವವರಿಗೇ ಇದು ಜಾಸ್ತಿ. ಮದ್ದಿಲ್ಲದ ಅಭ್ಯಾಸದ ತೋಟೆ ಹಾಕಿಕೊಂಡು ಒಂದೇ ಗತಿಯಲ್ಲಿ ಎಳೆದು ತಳ್ಳುವ ಅಭ್ಯಾಸ ಮಾಡಿ.

ಸರಿಹೋಯಿತು ಎಂದು ಹೇಳುವ ಮೊದಲು

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ: ದಿನ, ತೋಟೆ, ಮ್ಯಾಗಜೀನ್ ನಂಬರ್, ಎಷ್ಟನೆಯ ಗುಂಡಿಗೆ ನಿಂತಿತು, ಹೇಗೆ ನಿಂತಿತು. 'ಯಾವಾಗಲೂ ಮ್ಯಾಗಜೀನಿನ ಕೊನೆಯ ಎರಡು ತೋಟೆಗೆ' ಅಥವಾ 'ಅರವತ್ತು ಗುಂಡಾದ ಮೇಲೆ' ಎಂಬಂಥ ಸಾಲು ನಾಲ್ಕು ಸಲ ಕಾಣಿಸಿಕೊಂಡರೆ ಸ್ಪ್ರಿಂಗೋ ಮಸಿಯೋ ತಾನಾಗಿ ಹೆಸರು ಹೇಳುತ್ತದೆ. ರಿಪೇರಿಯ ನಂತರ ಮೊದಲು ಒಂದು ತೋಟೆ, ಆಮೇಲೆ ಎರಡು, ಆಮೇಲೆ ತುಂಬಿದ ಮ್ಯಾಗಜೀನ್.

ನೂರು ಗುಂಡು ಸಲೀಸಾಗಿ ಹೋದ ಮೇಲೆ ನಾನು ಇನ್ನೊಂದು ಮಾಡುತ್ತೇನೆ. ತಪ್ಪು ಮ್ಯಾಗಜೀನಿನದೋ, ತೋಟೆಯದೋ ಎಂದು ಗೊತ್ತಾಗಿದ್ದರೆ ಅದನ್ನೇ ಮತ್ತೆ ಹಾಕಿ ಹತ್ತು ಗುಂಡು ಹೊಡೆಯುತ್ತೇನೆ. ಹಳೆಯ ಜಾಮ್ ಅದೇ ರೂಪದಲ್ಲಿ ಮರಳಿ ಬಂದರೆ ಆ ಮ್ಯಾಗಜೀನಿನ ಮೇಲೆ ಕೆಂಪು ಕಾಟು ಹಾಕುತ್ತೇನೆ. ಬಾರದೇ ಹೋದರೆ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತಿರುವುತ್ತೇನೆ.